ಎಸ್‌ಎಸ್‌ಪಿ, ಎನ್‌ಎಸ್‌ಪಿ ವರ್ಷಗಟ್ಟಲೆ ಬಳಸಿದ ಮೇಲೆ: ಸ್ಕಾಲರ್‌ಶಿಪ್ ಬರುತ್ತದೆ, ಆದರೆ ಅರ್ಹತೆಯನ್ನು ನಾವೇ ಲೆಕ್ಕ ಹಾಕಬೇಕು

ನಮ್ಮ ಮನೆಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಕೆಲಸ ಮೊದಲಿಂದಲೂ ನನ್ನದೇ. ತಮ್ಮ ಪಿಯುಸಿ ಸೇರಿದಾಗ ಶುರುವಾಗಿದ್ದು, ಈಗ ಅವನ ಬಿಇ ಮುಗಿಯುತ್ತಾ ಬಂತು. ತಂಗಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡುತ್ತಿದ್ದಾಳೆ. ಅಪ್ಪ ಹಾವೇರಿ ಜಿಲ್ಲೆಯಲ್ಲಿ ಮೆಕ್ಕೆಜೋಳ, ಹತ್ತಿ ಬೆಳೆಯುತ್ತಾರೆ. ನಮ್ಮದು 2ಎ, ಅಂದರೆ ಹಿಂದುಳಿದ ವರ್ಗಗಳ ಒಂದು ಪ್ರವರ್ಗ. ಹಾಗಾಗಿ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್) ಮತ್ತು ಕೇಂದ್ರದ ಎನ್‌ಎಸ್‌ಪಿ (ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್) ಎರಡರ ಒಳಗೂ ಹೊರಗೂ ಓಡಾಡಿದ್ದೇನೆ. ಅಂಕ ಕೊಡಿ ಅಂದರೆ ಎಸ್‌ಎಸ್‌ಪಿಗೆ 5ಕ್ಕೆ 3.5, ಎನ್‌ಎಸ್‌ಪಿಗೆ 4. ಎರಡರಿಂದಲೂ ನಮಗೆ ನಿಜವಾಗಿ ಹಣ ಬಂದಿದೆ, ಆ ಹಣದಿಂದ ನಿಜವಾಗಿ ಓದು ನಡೆದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಸ್‌ಎಸ್‌ಪಿಯ ದೊಡ್ಡ ಅನುಕೂಲ ಅಂದರೆ ಒಂದೇ ಅರ್ಜಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಹೀಗೆ ಒಂದೊಂದು ಇಲಾಖೆಗೆ ಒಂದೊಂದು ಕಡೆ ಅಲೆಯಬೇಕಿಲ್ಲ. ಆಧಾರ್ ಕೊಟ್ಟು ಖಾತೆ ತೆರೆಯುತ್ತೀರಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕುತ್ತೀರಿ, ವಿವರ ತಾನಾಗಿ ಬರುತ್ತದೆ. ಪಿಯುಸಿ ಮಕ್ಕಳ ದಾಖಲೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯಾದ ಸ್ಯಾಟ್ಸ್‌ನಿಂದ ಬರುತ್ತದೆ, ಡಿಗ್ರಿಯವರದು ವಿಶ್ವವಿದ್ಯಾಲಯಗಳ ಅಂಥದ್ದೇ ವ್ಯವಸ್ಥೆಯಾದ ಯುಯುಸಿಎಂಎಸ್‌ನಿಂದ. ಅಂಕಪಟ್ಟಿಯಂಥ ಕಾಗದಗಳನ್ನು ಕಾಲೇಜಿನಲ್ಲೇ ಒಬ್ಬರು ಅಧಿಕಾರಿ ಆನ್‌ಲೈನ್‌ನಲ್ಲಿ ದೃಢೀಕರಿಸುತ್ತಾರೆ, ಅದಕ್ಕೆ ಇ-ಅಟೆಸ್ಟೇಶನ್ ಅಂತಾರೆ. ಜೆರಾಕ್ಸ್ ಕಟ್ಟು ಹಿಡಿದು ಗೆಜೆಟೆಡ್ ಅಧಿಕಾರಿಯನ್ನು ಹುಡುಕುವುದು ತಪ್ಪಿತು. ಹಳ್ಳಿಯಿಂದ ಬರುವ ಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ, ಒಂದು ಸಹಿಗಾಗಿ ಒಂದು ದಿನದ ಕ್ಲಾಸು, ಒಂದು ದಿನದ ಬಸ್ ಚಾರ್ಜು ಹೋಗುತ್ತಿದ್ದ ಮಕ್ಕಳನ್ನು ನಾನು ನೋಡಿದ್ದೇನೆ.

ಇನ್ನು ಕೊರತೆ. ಪೋರ್ಟಲ್ ಅರ್ಜಿ ತೆಗೆದುಕೊಳ್ಳುತ್ತದೆ, ಆದರೆ ನಿಮಗೆ ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ, ಯಾಕೆ ಸಿಗುವುದಿಲ್ಲ ಅಂತ ಕೂರಿಸಿಕೊಂಡು ಹೇಳುವುದಿಲ್ಲ. ಅದನ್ನು ಅರ್ಜಿಗೆ ಮೊದಲೇ ನೀವು ತಿಳಿದುಕೊಳ್ಳಬೇಕು.

ಜನ ಜಾಸ್ತಿ ಎಡವುವುದು ಆದಾಯದ ಮಿತಿಯಲ್ಲಿ. ಮೀಸಲಾತಿಯ ಮಿತಿ ಬೇರೆ, ಸ್ಕಾಲರ್‌ಶಿಪ್ ಮಿತಿ ಬೇರೆ. 2ಎ, 3ಎ, 3ಬಿಯವರಿಗೆ ಸೀಟಿನ ಮೀಸಲಾತಿಗೆ ಕೆನೆಪದರದ ಮಿತಿ 8 ಲಕ್ಷ, ಆದಾಯ ಅದನ್ನು ದಾಟಿದರೆ ಮೀಸಲಾತಿ ಇಲ್ಲ. ಅದನ್ನೇ ತಲೆಯಲ್ಲಿಟ್ಟುಕೊಂಡು ಶುಲ್ಕ ವಿನಾಯಿತಿಗೂ ನಾವು ಅರ್ಹರು ಅಂದುಕೊಳ್ಳುತ್ತಾರೆ. ನಾವು ಅರ್ಜಿ ಹಾಕಿದಾಗ ಶುಲ್ಕ ವಿನಾಯಿತಿ ಮತ್ತು ವಿದ್ಯಾಸಿರಿಗೆ (ಹಾಸ್ಟೆಲ್ ಸಿಗದವರಿಗೆ ಊಟ, ವಸತಿಯ ನೆರವು) ನಮ್ಮ ವರ್ಗಕ್ಕೆ ಇದ್ದ ಮಿತಿ ವರ್ಷಕ್ಕೆ 1 ಲಕ್ಷ, ಪ್ರವರ್ಗ-1ಕ್ಕೆ 2.5 ಲಕ್ಷ. ಪ್ರವರ್ಗ-1ರವರಿಗೆ ಇನ್ನೊಂದು ಗೊಂದಲ: ಮೀಸಲಾತಿಗೆ ಅವರಿಗೆ ಕೆನೆಪದರವೇ ಇಲ್ಲ, ಹಾಗಂತ ಸ್ಕಾಲರ್‌ಶಿಪ್‌ಗೂ ಆದಾಯ ಪತ್ರ ಬೇಡ ಅಂತ ಸುಮ್ಮನಿರುತ್ತಾರೆ. ಬೇಕು. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್‌ನಲ್ಲಿ ಪೋಷಕರ ಆದಾಯ 2.5 ಲಕ್ಷದ ಒಳಗಿರಬೇಕು. ಈ ಮಿತಿಗಳು ಸರ್ಕಾರಿ ಆದೇಶದಿಂದ ಬದಲಾಗುತ್ತವೆ, ಆದ್ದರಿಂದ ಪ್ರತಿ ವರ್ಷ ಆ ವರ್ಷದ ಆದೇಶವನ್ನೇ ಓದಿ. ಹೋದ ವರ್ಷದ ವಾಟ್ಸಾಪ್ ಮೆಸೇಜ್ ನಂಬಬೇಡಿ.

ನನ್ನ ಅಭಿಪ್ರಾಯ ಕೇಳಿದರೆ 1 ಲಕ್ಷ ಅನ್ನುವುದು ತೀರಾ ಕಡಿಮೆ. ತಿಂಗಳಿಗೆ 8,300 ರೂಪಾಯಿ ಚಿಲ್ಲರೆ ಆಯಿತು. ಅಪ್ಪ, ಅಮ್ಮ ಇಬ್ಬರೂ ಕೂಲಿಗೆ ಹೋದರೆ ಅಷ್ಟು ದಾಟುತ್ತದೆ. ದಾಟಿದ ಮನೆಯ ಮಗುವಿಗೆ ಕಾಲೇಜು ಫೀಸು ಹಗುರ ಆಗುತ್ತದೆಯೇ? ಇದನ್ನು ಪೋರ್ಟಲ್ ಸರಿಮಾಡಲಾಗದು, ನೀತಿ ಮಾಡುವವರೇ ಸರಿಮಾಡಬೇಕು.

ಆದೇಶ ಓದುವಾಗ ನಾನು ಮೊದಲು ಹುಡುಕುವುದು ಹಣದ ಮೊತ್ತವನ್ನಲ್ಲ, ಷರತ್ತುಗಳನ್ನು. ಯಾರ ಆದಾಯ ಲೆಕ್ಕಕ್ಕೆ ಬರುತ್ತದೆ. ಯಾವ ಕೋರ್ಸು, ರೆಗ್ಯುಲರ್ ಮಾತ್ರವೋ, ದೂರಶಿಕ್ಷಣಕ್ಕೂ ಇದೆಯೋ. ಸೀಟು ಸರ್ಕಾರಿ ಕೋಟಾದ್ದೋ, ಮ್ಯಾನೇಜ್‌ಮೆಂಟ್ ಕೋಟಾದ್ದೋ, ಯಾಕೆಂದರೆ ಸಿಇಟಿ ಮೂಲಕ ಬಂದ ಸೀಟಿಗೆ ಸಿಗುವ ಶುಲ್ಕದ ಸೌಲಭ್ಯ ದುಡ್ಡು ಕೊಟ್ಟು ಪಡೆದ ಸೀಟಿಗೂ ಸಿಗುತ್ತದೆ ಅಂತ ಲೆಕ್ಕ ಹಾಕಿ ಕಾಲೇಜು ಸೇರಿದರೆ ಆಮೇಲೆ ಮನೆಯವರೆಲ್ಲ ಸಾಲಕ್ಕೆ ಓಡಬೇಕಾಗುತ್ತದೆ. ಹಾಸ್ಟೆಲ್‌ನಲ್ಲಿ ಇರುವವರಿಗೋ, ಇಲ್ಲದವರಿಗೋ. ಕೊನೆಯದಾಗಿ, ಇದನ್ನು ತೆಗೆದುಕೊಂಡರೆ ಬೇರೆಯದನ್ನು ಬಿಡಬೇಕೋ. ಈ ಕೊನೆಯ ಸಾಲು ಸಾಮಾನ್ಯವಾಗಿ ಆದೇಶದ ಕೆಳಗಡೆ ಎಲ್ಲೋ ಇರುತ್ತದೆ, ಅದಕ್ಕೇ ಪೂರ್ತಿ ಓದಿ ಅನ್ನುವುದು.

ಹಾಸ್ಟೆಲ್ ಮಾತು ಬಂತಲ್ಲ, ವಿದ್ಯಾಸಿರಿ ಬಗ್ಗೆ ಹೇಳಬೇಕು. ತಮ್ಮನಿಗೆ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಸರ್ಕಾರಿ ಹಾಸ್ಟೆಲ್ ಸಿಗಲಿಲ್ಲ. ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಊಟ, ವಸತಿಗೆ ಅಂತಲೇ ಇರುವ ಯೋಜನೆ ಇದು. ನಾವು ಪಡೆದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ಇತ್ತು. ರೂಮಿನ ಬಾಡಿಗೆಯ ದೊಡ್ಡ ಪಾಲು ಅದರಲ್ಲೇ ಹೋಯಿತು. ಹಣ ತಿಂಗಳು ತಿಂಗಳು ಬರುವುದಿಲ್ಲ, ವರ್ಷದ ಕೊನೆಯ ಕಡೆ ಬರುವುದೇ ಜಾಸ್ತಿ. ಜೂನ್‌ನಲ್ಲಿ ಕಟ್ಟಬೇಕಾದ ಅಡ್ವಾನ್ಸ್‌ಗೆ ಇದನ್ನು ನಂಬಿ ಕೂರಬೇಡಿ.

ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಪಿಯುಸಿ, ಐಟಿಐ, ಡಿಪ್ಲೊಮಾ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್‌ಸಿ, ಬಿಕಾಂಗೆ 5,000 ಮತ್ತು 5,500. ಬಿಇ, ಎಂಬಿಬಿಎಸ್, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಅಂತ ನಿಗದಿ ಮಾಡಿದ್ದರು. ಅದರ ಬೀಗದ ಕೈ ಫ್ರೂಟ್ಸ್ ಐಡಿ, ಅಂದರೆ ರಾಜ್ಯ ಸರ್ಕಾರದ ರೈತರ ನೋಂದಣಿ ಪಟ್ಟಿಯ ನಂಬರ್. ತಂದೆ ಅಥವಾ ತಾಯಿಯ ಹೆಸರಲ್ಲಿ ಫ್ರೂಟ್ಸ್‌ನಲ್ಲಿ ನೋಂದಣಿ ಇರಬೇಕು. ಜಮೀನು ಇನ್ನೂ ತಾತನ ಹೆಸರಲ್ಲೇ ಇರುವ ಮನೆಗಳು ನಮ್ಮ ಕಡೆ ಎಷ್ಟೋ ಇವೆ, ಅಪ್ಪ ದಿನಾ ಹೊಲದಲ್ಲೇ ಇದ್ದರೂ ದಾಖಲೆಯಲ್ಲಿ ರೈತ ಅಲ್ಲ. ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಜಮೀನಿನ ಖಾತೆ) ಮಾಡಿಸುವುದನ್ನು ಮುಂದೂಡುತ್ತಾ ಬಂದಿದ್ದರೆ ಮಕ್ಕಳ ಓದು ಶುರುವಾಗುವ ಮೊದಲು ಮಾಡಿಸಿಕೊಳ್ಳಿ.

ದಾಖಲೆಗಳ ವಿಷಯ. ಅರ್ಹತೆ ಇದ್ದೂ ಹಣ ಸಿಗದವರಲ್ಲಿ ನಾನು ನೋಡಿದ ಬಹಳಷ್ಟು ಮಂದಿಗೆ ತೊಂದರೆ ಆಗಿದ್ದು ಹೆಸರಿನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಜಾತಿ ಪತ್ರದಲ್ಲಿ ಅಡ್ಡಹೆಸರು ಬೇರೆ. ಕಂಪ್ಯೂಟರ್‌ಗೆ ಅವರೆಲ್ಲ ಬೇರೆ ಬೇರೆ ಜನ. ಅಂಕಪಟ್ಟಿಯ ಹೆಸರನ್ನೇ ಮೂಲ ಅಂತ ಹಿಡಿದು ಆಧಾರ್ ತಿದ್ದಿಸಿ, ಆಮೇಲೆ ಅದರಂತೆಯೇ ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರಕ್ಕೆ ಅರ್ಜಿ ಹಾಕಿ. ಆದಾಯ ಪತ್ರಕ್ಕೆ 5 ವರ್ಷ ಮಾನ್ಯತೆ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿ ಹೊತ್ತಿಗೆ ಮುಗಿದಿರುತ್ತದೆ. ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು ಪರಿಶೀಲಿಸಿ ಮೇಲೆ ಹೋಗಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಕೊನೆ ದಿನಾಂಕದ ಹಿಂದಿನ ವಾರ ಓಡಿದರೆ ಆಗುವ ಕೆಲಸ ಅಲ್ಲ ಅದು.

ಬ್ಯಾಂಕ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಣ ಬರುವುದು ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರ್ ಸೀಡಿಂಗ್ ಆಗಿರುವ, ಅಂದರೆ ಸರ್ಕಾರದ ಹಣ ಬರಲು ಆಧಾರ್ ಜೋಡಿಸಿದ ಖಾತೆಗೆ. ಎಷ್ಟು ಖಾತೆ ಇದ್ದರೂ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ, ಕೊನೆಯಲ್ಲಿ ಜೋಡಿಸಿದ್ದೇ ಲೆಕ್ಕ. ತಂಗಿಯ ಹಣ ಬರಲಿಲ್ಲ ಅಂತ ನಾವು ಕಾದದ್ದೇ ಕಾದದ್ದು. ಕೊನೆಗೆ ನೋಡಿದರೆ ಅದು ಸ್ಕೂಲಿನಲ್ಲಿದ್ದಾಗ ತೆರೆದ ಹಳೇ ಜೀರೋ ಬ್ಯಾಲೆನ್ಸ್ ಖಾತೆಗೆ ಹೋಗಿ ಕೂತಿತ್ತು. ಹೊಸ ಬ್ಯಾಂಕಿನವರು ಸೀಡಿಂಗ್ ಆಗಿದೆ ಅಂತ ಬಾಯಲ್ಲಿ ಹೇಳಿದ್ದರು, ಆಗಿರಲಿಲ್ಲ. ಬಾಯಿ ಮಾತು ಬೇಡ, ಮೈ ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೀವೇ ತೆರೆದು ನೋಡಿ, ಯಾವ ಬ್ಯಾಂಕು, ಆ್ಯಕ್ಟಿವ್ ಇದೆಯೋ ಇಲ್ಲವೋ ಅಲ್ಲೇ ಕಾಣುತ್ತದೆ. ಹಣ ಬಿದ್ದಿದೆಯಾ ನೋಡಲು ಡಿಬಿಟಿ ಕರ್ನಾಟಕ ಆ್ಯಪ್ ಇದೆ, ಯಾವ ಯೋಜನೆ, ಯಾವ ಖಾತೆ, ಯಾವ ದಿನ ಅಂತ ತೋರಿಸುತ್ತದೆ. ಈ ಆ್ಯಪ್ ನನಗೆ ತುಂಬಾ ಇಷ್ಟ.

ಎನ್‌ಎಸ್‌ಪಿಗೆ ಅರ್ಧ ಅಂಕ ಜಾಸ್ತಿ ಕೊಟ್ಟಿದ್ದಕ್ಕೆ ಕಾರಣ, ಅಲ್ಲಿ ಪ್ರತಿ ಯೋಜನೆಯ ಮಾರ್ಗಸೂಚಿ ಪಕ್ಕದಲ್ಲೇ ಸಿಗುತ್ತದೆ, ಅರ್ಜಿ ಎಲ್ಲಿ ನಿಂತಿದೆ ಅಂತ ಹಂತಹಂತವಾಗಿ ಕಾಣುತ್ತದೆ. ತಿದ್ದುವಂಥದ್ದಿದ್ದರೆ ಡಿಫೆಕ್ಟಿವ್ ಅಂತ ವಾಪಸ್ ಬರುತ್ತದೆ, ತಿದ್ದಿ ಮತ್ತೆ ಕಳಿಸಬಹುದು. ಈಗ ಒಮ್ಮೆ ಓಟಿಆರ್ (ಒಂದೇ ಸಲದ ನೋಂದಣಿ) ಮಾಡಿಕೊಳ್ಳಬೇಕು, ಮುಖ ತೋರಿಸಿ ದೃಢೀಕರಣ ಇರುತ್ತದೆ, ಆ ನಂಬರ್ ಓದು ಮುಗಿಯುವವರೆಗೂ ಅದೇ. ಆದರೆ ಮೊದಲ ಪರಿಶೀಲನೆ ಕಾಲೇಜಿನ ನೋಡಲ್ ಅಧಿಕಾರಿಯದ್ದು, ಅಂದರೆ ಸ್ಕಾಲರ್‌ಶಿಪ್ ಕೆಲಸಕ್ಕೆ ಕಾಲೇಜು ನೇಮಿಸಿದವರದ್ದು. ತಂಗಿ ಮೊದಲ ವರ್ಷದಲ್ಲಿದ್ದಾಗ ಕಾಲೇಜಿನವರು ಪೋರ್ಟಲ್ ತೆರೆದೇ ನೋಡಿರಲಿಲ್ಲ, ನಾವೇ ಹೋಗಿ ಕೂತು ಮಾಡಿಸಿಕೊಂಡು ಬಂದೆವು. ಆನ್‌ಲೈನ್ ಅಂತ ಅರ್ಜಿ ಒತ್ತಿ ಮನೆಯಲ್ಲಿ ಕೂರಬೇಡಿ, ಪ್ರಿಂಟ್ ಹಿಡಿದು ಕಾಲೇಜು ಆಫೀಸಿಗೆ ಹೋಗಿ.

ತಂಗಿಗೆ ಸಿಕ್ಕಿದ್ದು ಪ್ರಗತಿ ಸ್ಕಾಲರ್‌ಶಿಪ್, ತಾಂತ್ರಿಕ ಕಾಲೇಜುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ ಎಐಸಿಟಿಇಯದು. ತಾಂತ್ರಿಕ ಡಿಗ್ರಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ, ಇಲ್ಲವೇ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 50,000. ಕುಟುಂಬದ ಆದಾಯ 8 ಲಕ್ಷದವರೆಗೆ ಇರಬಹುದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಅವಕಾಶ, ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು. 8 ಲಕ್ಷದವರೆಗೆ ಅಂದರೆ ರಾಜ್ಯದ ಮಿತಿ ದಾಟಿದ ಎಷ್ಟೋ ಮನೆಗಳು ಇದರಲ್ಲಿ ಬರುತ್ತವೆ, ಆದರೂ ನಮ್ಮ ತಾಲ್ಲೂಕಿನಲ್ಲಿ ಡಿಪ್ಲೊಮಾ ಓದುವ ಹುಡುಗಿಯರಿಗೆ ಇದರ ಹೆಸರೇ ಗೊತ್ತಿಲ್ಲ. ಇದು ನನಗೆ ಬಹಳ ಬೇಜಾರಿನ ಸಂಗತಿ. ಇದನ್ನು ಪಡೆಯುವವರು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಪಡೆಯುವಂತಿಲ್ಲ, ಹಾಗಾಗಿ ಯಾವುದು ದೊಡ್ಡದು ಅಂತ ಲೆಕ್ಕ ಹಾಕಿ ಆರಿಸಿಕೊಳ್ಳಿ. ಅಂಗವಿಕಲ ವಿದ್ಯಾರ್ಥಿಗಳಿಗೆ ಇದೇ ರೀತಿಯ ಸಕ್ಷಮ್ ಇದೆ.

ಪಿಯುಸಿಯಲ್ಲಿ ಒಳ್ಳೆ ಅಂಕ ಬಂದವರು ಕೇಂದ್ರ ವಲಯದ ಸ್ಕಾಲರ್‌ಶಿಪ್ ನೋಡಿ. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000. ಆದಾಯ 4.5 ಲಕ್ಷದ ಒಳಗೆ. ಅಂಕ 80 ಪರ್ಸೆಂಟ್ ಇದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ, ಹಾಗಲ್ಲ. ಬೋರ್ಡ್‌ನಲ್ಲಿ ನಿಮ್ಮ ವಿಭಾಗದ ಮೇಲಿನ 20 ಪರ್ಸೆಂಟೈಲ್ ಒಳಗೆ ಬರಬೇಕು, ವಿಜ್ಞಾನ, ವಾಣಿಜ್ಯ, ಕಲೆ ಮೂರಕ್ಕೂ ಕಟ್ ಆಫ್ ಬೇರೆ ಬೇರೆ. ತಮ್ಮನಿಗೆ ವಿಜ್ಞಾನದ ಕಟ್ ಆಫ್ ತಾಗಲಿಲ್ಲ. ಕಲಾ ವಿಭಾಗದ ಮಕ್ಕಳು ನಮಗಲ್ಲ ಅಂತ ಬಿಟ್ಟುಬಿಡುತ್ತಾರೆ, ಅವರು ಖಂಡಿತ ಹಾಕಬೇಕು. ಮುಂದಿನ ವರ್ಷಕ್ಕೆ ನವೀಕರಿಸಲು 50 ಪರ್ಸೆಂಟ್ ಅಂಕ, 75 ಪರ್ಸೆಂಟ್ ಹಾಜರಿ ಬೇಕು. ಸಿಕ್ಕಿತು ಅಂತ ಒಂದು ವರ್ಷ ನವೀಕರಣ ಮರೆತರೆ ಆ ವರ್ಷದ್ದು ಹೋಯಿತು.

ಇಷ್ಟೇ ಅಲ್ಲ, ಬೇರೆಯವೂ ಇವೆ. ಎಸ್‌ಸಿ, ಎಸ್‌ಟಿ ಮಕ್ಕಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪ್ರೋತ್ಸಾಹಧನ ಇದೆ, ಅದನ್ನು ಕೇಳಿ ಪಡೆಯಬೇಕು. ಕಟ್ಟಡ ಕಾರ್ಮಿಕರ ಕಾರ್ಡ್ ಇರುವವರ ಮಕ್ಕಳಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ 90 ಪರ್ಸೆಂಟ್ ಬಂದು ಮನೆಯ ಆದಾಯ 2 ಲಕ್ಷದೊಳಗೆ ಇದ್ದರೆ ಖಾಸಗಿ ಪ್ರತಿಷ್ಠಾನದ ವಿದ್ಯಾಧನ್ ಸ್ಕಾಲರ್‌ಶಿಪ್ ಇದೆ, ಪರೀಕ್ಷೆ, ಸಂದರ್ಶನ ಮಾಡಿ ಆರಿಸುತ್ತಾರೆ. ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಡಿಗ್ರಿ ಅಥವಾ ಡಿಪ್ಲೊಮಾ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಕೊಡುತ್ತದೆ. ಇಲ್ಲಿ ಜಾತಿ ಪತ್ರದ ಗೋಜಿಲ್ಲ, ಓದಿದ ಶಾಲೆ ಮುಖ್ಯ.

ಅರ್ಜಿಗೆ ಎಲ್ಲೂ ಶುಲ್ಕ ಇಲ್ಲ. ಸೈಬರ್ ಸೆಂಟರ್‌ನವರಿಗೆ ಟೈಪ್ ಮಾಡಿದ್ದಕ್ಕೆ, ಪ್ರಿಂಟ್ ತೆಗೆದದ್ದಕ್ಕೆ ಕೊಡುವುದು ಬೇರೆ ಮಾತು. ಮಂಜೂರು ಮಾಡಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ ಅನ್ನುವವರ ಹತ್ತಿರ ಹೋಗಲೇಬೇಡಿ, ಓಟಿಪಿ ಯಾರಿಗೂ ಹೇಳಬೇಡಿ. ಲಾಗಿನ್‌ಗೆ ಅಂಗಡಿಯವರ ಮೊಬೈಲ್ ನಂಬರ್ ಹಾಕಿಸಿದವರು ಮುಂದಿನ ವರ್ಷ ಆ ಅಂಗಡಿ ಮುಚ್ಚಿದ ಮೇಲೆ ಪಾಸ್‌ವರ್ಡ್‌ಗಾಗಿ ಪಟ್ಟ ಪಾಡು ನೋಡಿದ್ದೇನೆ. ಮನೆಯದೇ ನಂಬರ್ ಹಾಕಿ, ಅದನ್ನು ಬದಲಿಸಬೇಡಿ.

ಮನೆಯಲ್ಲಿ ಈ ವರ್ಷ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಮಕ್ಕಳಿದ್ದರೆ ಫಲಿತಾಂಶ ಬರುವವರೆಗೆ ಕಾಯಬೇಡಿ. ಹೆಸರು, ಆದಾಯ ಪತ್ರದ ದಿನಾಂಕ, ಬ್ಯಾಂಕ್ ಸೀಡಿಂಗ್, ಈ ಮೂರನ್ನು ಬೇಸಿಗೆ ರಜೆಯಲ್ಲೇ ನೋಡಿಕೊಳ್ಳಿ. ಹೆಣ್ಣುಮಗು ಡಿಪ್ಲೊಮಾಗೆ ಸೇರುತ್ತಿದ್ದರೆ ಅಡ್ಮಿಷನ್ ದಿನವೇ ಕಾಲೇಜು ಆಫೀಸಿನಲ್ಲಿ ಕೇಳಿ: ಪ್ರಗತಿಗೆ ನೋಡಲ್ ಅಧಿಕಾರಿ ಯಾರು?