ಒದ್ದೆ ಟವೆಲ್ ನಂಬಿ ಬಾವಿಗೆ ಇಳಿಯಬೇಡಿ

ಏಪ್ರಿಲ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಒಂದು ಸಲ ಬಂದು ಹೋದದ್ದು ಮತ್ತೆ ಮುಖ ತೋರಿಸಿರಲಿಲ್ಲ. ದಕ್ಷಿಣ ಕೊಡಗಿನ ಒಂದು ತೋಟದಲ್ಲಿ, ಕೆಲಸದವರ ಲೈನ್ ಮನೆಗಳ ಹಿಂದಿದ್ದ ಹಳೆಯ ಬಾವಿಯ ಹೂಳೆತ್ತಲು ತೋಟದ ಮಾಲೀಕರ ಮನೆಯ ಮಗನೇ ಇಳಿದ. ಮೂಗು, ಬಾಯಿಗೆ ಒದ್ದೆ ಟವೆಲ್ ಎರಡು ಸುತ್ತು ಬಿಗಿದಿದ್ದ. ಸುಮಾರು ಹದಿನೆಂಟು ಅಡಿ ಇಳಿಯುವ ಹೊತ್ತಿಗೆ ಮೇಲಿನವರ ಮಾತಿಗೆ ಉತ್ತರ ನಿಂತಿತು. ಕೈ ಸಡಿಲಗೊಂಡು ಹಗ್ಗದಲ್ಲಿ ಜೋತುಬಿದ್ದ. "ಅಣ್ಣ, ಹಗ್ಗ ಕಟ್ಟಿಕೊಳ್ಳದೆ ಇಳಿಯೋದಾದ್ರೆ ನಾನು ರಾಟೆ ಮುಟ್ಟೋದಿಲ್ಲ" ಎಂದು ತೋಟದ ಕೆಲಸದವರೊಬ್ಬರು ಮೊದಲೇ ಹಠ ಹಿಡಿದಿದ್ದರು. ಕಂಕುಳ ಕೆಳಗೆ ಹಗ್ಗ ಇದ್ದದ್ದರಿಂದಲೇ ಅವನನ್ನು ಮೇಲೆಳೆಯಲು ಆಯಿತು. ಜೀವ ಉಳಿಯಿತು.

ಒದ್ದೆ ಟವೆಲ್ಲಿನ ಮೇಲೆ ಅಷ್ಟು ನಂಬಿಕೆ ಬಂದದ್ದು ದೂರದ ಊರಿನಿಂದ. ಹಿಂದಿನ ದಸರಾ ರಜೆಯಲ್ಲಿ ಆ ಮನೆಯವರು ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿರುವ ಇಜೆನ್ ಜ್ವಾಲಾಮುಖಿ ನೋಡಿಬಂದಿದ್ದರು. ಅಲ್ಲಿ ಕುಳಿಯೊಳಗಿಂದ ಗಂಧಕದ ಗಟ್ಟಿಗಳನ್ನು ಬುಟ್ಟಿಯಲ್ಲಿ ಹೊತ್ತು ತರುವ ಕೂಲಿಗಳು ಒದ್ದೆ ಬಟ್ಟೆಯನ್ನು ಬಾಯಿಗೆ ಕಚ್ಚಿಕೊಂಡೋ ಕಟ್ಟಿಕೊಂಡೋ ಹೊಗೆಯೊಳಗೆ ಹೋಗಿ ಬರುತ್ತಾರೆ. ಇವರೂ ಹಾಗೇ ಕಟ್ಟಿಕೊಂಡರು, ಕೆಮ್ಮು ಕಡಿಮೆಯಾಯಿತು. ಅಲ್ಲಿ ಕೆಲಸ ಮಾಡಿದ್ದು ಇಲ್ಲೂ ಮಾಡುತ್ತದೆ ಎಂದುಕೊಂಡದ್ದೇ ತಪ್ಪು. ಈ ಬೇಸಿಗೆಯಲ್ಲಿ ಬಾವಿಗೆ ಇಳಿಯುವವರೂ ಮುಂದಿನ ರಜೆಗೆ ಜ್ವಾಲಾಮುಖಿ ನೋಡಲು ಹೊರಟವರೂ ಇದನ್ನು ಪೂರ್ತಿ ಓದಿ.

ಮೊದಲು, ಅಲ್ಲಿ ಒದ್ದೆ ಬಟ್ಟೆ ಯಾಕೆ ಕೆಲಸ ಮಾಡಿದಂತೆ ಕಂಡಿತು? ಇಜೆನ್‌ನಲ್ಲಿ ಗಂಟಲು ಕಚ್ಚುವುದು ಮುಖ್ಯವಾಗಿ ಸಲ್ಫರ್ ಡೈಆಕ್ಸೈಡ್. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಬಟ್ಟೆಯ ನೀರು ಒಂದಷ್ಟನ್ನು ಹಿಡಿದಿಡುತ್ತದೆ, ಕೆಲವು ನಿಮಿಷ ಮಾತ್ರ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ, ಒದ್ದೆ ಬಟ್ಟೆಯ ಮೂಲಕ ಬಹುತೇಕ ಹಾಗೇ ಒಳಗೆ ಬರುತ್ತದೆ. ಇನ್ನು ಗಾಳಿಯಲ್ಲಿ ಆಮ್ಲಜನಕವೇ ಕಡಿಮೆ ಇದ್ದರೆ ಯಾವ ಬಟ್ಟೆ ತಾನೆ ಅದನ್ನು ತಂದುಕೊಟ್ಟೀತು? ಹಾಳುಬಿದ್ದ ಬಾವಿಯಲ್ಲಿ ಇರುವುದು ಹೆಚ್ಚಿದ ಕಾರ್ಬನ್ ಡೈಆಕ್ಸೈಡ್, ಇಳಿದ ಆಮ್ಲಜನಕ ಈ ಎರಡರ ತೊಂದರೆ. ವಾಸನೆ ಇಲ್ಲ, ಕೆಮ್ಮು ಇಲ್ಲ, ಕಣ್ಣುರಿ ಇಲ್ಲ. ನೇರವಾಗಿ ಪ್ರಜ್ಞೆಯೇ ಹೋಗುತ್ತದೆ.

ಜ್ವಾಲಾಮುಖಿ ಎಂದರೆ ಬೆಂಕಿ, ಬಿಸಿ ಎಂದುಕೊಂಡು ಹೋದವರು ಇಜೆನ್‌ನ ಅಂಚಿನಲ್ಲಿ ನಡುರಾತ್ರಿ ಜಾಕೆಟ್ ಹಾಕಿಕೊಂಡು ನಡುಗುತ್ತಾರೆ. ಎತ್ತರ ಎರಡು ಸಾವಿರ ಮೀಟರಿಗೂ ಹೆಚ್ಚು, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳನ್ನೂ ಮೀರಿದ್ದು. ನೀಲಿ ಬೆಂಕಿ ಎಂದು ಎಲ್ಲರೂ ನೋಡಲು ಹೋಗುವುದು ಲಾವಾ ಅಲ್ಲ, ಬಿರುಕುಗಳಿಂದ ಹೊರಬರುವ ಗಂಧಕದ ಅನಿಲ ಗಾಳಿ ತಾಗಿ ಉರಿಯುವುದು. ಹಗಲಿನಲ್ಲಿ ಆ ನೀಲಿ ಕಣ್ಣಿಗೆ ಕಾಣದ್ದರಿಂದ ಬೆಳಕು ಹರಿಯುವ ಮೊದಲೇ ಕತ್ತಲಲ್ಲಿ ಕುಳಿಗೆ ಇಳಿಯಬೇಕಾಗುತ್ತದೆ. ಕೆಳಗಿನ ಹಸಿರು-ನೀಲಿ ಕೆರೆಯ ನೀರು ಬ್ಯಾಟರಿ ಆಸಿಡ್‌ನ ಜಾತಿಯದು, ಅದರ ಪಿಎಚ್ 1ಕ್ಕಿಂತ ಕಡಿಮೆ. ಅಷ್ಟೆಲ್ಲ ಇದ್ದರೂ ಪ್ರವಾಸಿಗರನ್ನು ಅಲ್ಲಿ ಹೆಚ್ಚಾಗಿ ಕೆಡಿಸುವುದು ಗಾಳಿಯ ದಿಕ್ಕು ತಟ್ಟನೆ ಬದಲಾಗಿ ಮುಖಕ್ಕೆ ನುಗ್ಗುವ ಬಿಳಿ ಹೊಗೆ. ಆಸ್ತಮಾ ಇರುವವರಿಗೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಸಲ್ಫರ್ ಡೈಆಕ್ಸೈಡ್ ಸಾಕು, ಏರು ಹತ್ತುತ್ತಿರುವಾಗ ಉಸಿರುನಾಳ ಬಿಗಿದುಕೊಳ್ಳುತ್ತದೆ. ಇನ್ಹೇಲರ್ ಜೇಬಿನಲ್ಲಿ ಇದೆ ಎಂಬ ಧೈರ್ಯದ ಮೇಲೆ ಅವರು ಕುಳಿಗೆ ಇಳಿಯುವುದು ಬೇಡ. ಮೇಲಿನ ಅಂಚಿನಿಂದ ಸೂರ್ಯೋದಯ ನೋಡಿ ಬಂದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಮಾಸ್ಕ್ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಕೋವಿಡ್ ಕಾಲದ ಎನ್95 ತಡೆಯುವುದು ಧೂಳು, ಬೂದಿಯನ್ನು. ಅನಿಲವನ್ನು ತಡೆಯುವುದಿಲ್ಲ. ಬೇಕಾದ್ದು ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್. ಯುರೋಪಿನ ಗುರುತಿನಲ್ಲಿ ಸಲ್ಫರ್ ಡೈಆಕ್ಸೈಡಿಗೆ ಹಳದಿ ಪಟ್ಟಿಯ 'ಇ' (E), ಹೈಡ್ರೋಜನ್ ಸಲ್ಫೈಡಿಗೆ ಬೂದು ಪಟ್ಟಿಯ 'ಬಿ' (B). ಬಾಡಿಗೆಗೆ ಕೊಡುವ ಮಾಸ್ಕಿನ ಕಾರ್ಟ್ರಿಜ್ ಎಷ್ಟು ಜನರ ಮುಖ ಕಂಡಿದೆಯೋ ಹೇಳಲಾಗದು. ಕೈಗೆ ಬಂದ ಕೂಡಲೇ ಅವಧಿ ನೋಡಿ, ಆಮೇಲೆ ಹೀಗೆ ಪರೀಕ್ಷಿಸಿ: ಮಾಸ್ಕ್ ಹಾಕಿ ಪಟ್ಟಿ ಬಿಗಿದು, ಎರಡೂ ಕಾರ್ಟ್ರಿಜ್‌ಗಳ ಬಾಯನ್ನು ಅಂಗೈಯಿಂದ ಮುಚ್ಚಿ ಮೆಲ್ಲನೆ ಉಸಿರೆಳೆಯಿರಿ. ರಬ್ಬರ್ ಕೆನ್ನೆಗೆ ಅಂಟಿ ಹತ್ತು ಸೆಕೆಂಡು ಹಾಗೇ ನಿಲ್ಲಬೇಕು. ಪಕ್ಕದಿಂದ ಗಾಳಿ ನುಸುಳಿದರೆ ಅದು ಮಾಸ್ಕ್ ಅಲ್ಲ, ಅಲಂಕಾರ. ಗಡ್ಡ ಬಿಟ್ಟವರಿಗೆ ಇದು ಕೂರುವುದೇ ಇಲ್ಲ. ಒಳಗೆ ಗಂಧಕದ ವಾಸನೆ ಬರತೊಡಗಿದರೆ ಕಾರ್ಟ್ರಿಜ್ ಮುಗಿದಿದೆ ಎಂದೇ ಅರ್ಥ, ತಿರುಗಿ ಹತ್ತಿ. ಹೊಸ ಕಾರ್ಟ್ರಿಜ್ ಆದರೂ ಕಾರ್ಬನ್ ಡೈಆಕ್ಸೈಡನ್ನು ಹಿಡಿಯುವುದಿಲ್ಲ, ಆಮ್ಲಜನಕವನ್ನೂ ಕೊಡುವುದಿಲ್ಲ ಎಂಬುದು ನೆನಪಿರಲಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೈಡ್ರೋಜನ್ ಸಲ್ಫೈಡ್ ಇದೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಏನೆಂದರೆ, ಪ್ರಮಾಣ ಹತ್ತು ಲಕ್ಷದಲ್ಲಿ ನೂರು ಭಾಗದ ಆಸುಪಾಸಿಗೆ ಏರಿದಾಗ ಮೂಗು ಆ ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಗಾಳಿ ತಿಳಿಯಾಯಿತು ಎಂದು ನೀವು ಮುಂದೆ ಹೆಜ್ಜೆ ಇಡುವ ಕ್ಷಣವೇ ಅತಿ ಕೆಟ್ಟ ಕ್ಷಣ.

ಈ ಅನಿಲಗಳೆಲ್ಲ ಗಾಳಿಗಿಂತ ಭಾರ. ಕಾರ್ಬನ್ ಡೈಆಕ್ಸೈಡ್ ಒಂದೂವರೆ ಪಟ್ಟು, ಸಲ್ಫರ್ ಡೈಆಕ್ಸೈಡ್ ಎರಡು ಪಟ್ಟಿಗೂ ಹೆಚ್ಚು. ನೀರಿನ ಹಾಗೆ ತಗ್ಗು ಹುಡುಕಿ ಹರಿದು ನಿಲ್ಲುತ್ತವೆ. 1979ರ ಫೆಬ್ರವರಿಯಲ್ಲಿ ಜಾವಾದ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ಸ್ಫೋಟಕ್ಕೆ ಹೆದರಿ ಊರು ಬಿಟ್ಟು ಓಡುತ್ತಿದ್ದ ನೂರ ನಲವತ್ತಕ್ಕೂ ಹೆಚ್ಚು ಜನ ದಾರಿಯಲ್ಲೇ ಕಾರ್ಬನ್ ಡೈಆಕ್ಸೈಡಿಗೆ ಸಿಕ್ಕಿ ಸತ್ತರು. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕಾದ ಕ್ಯಾಮರೂನಿನ ನ್ಯೋಸ್ ಕೆರೆಯಿಂದ ಎದ್ದ ಇದೇ ಅನಿಲ ಕಣಿವೆಗಳಿಗೆ ಇಳಿದು ಸುಮಾರು 1,700 ಜನರನ್ನು ಕೊಂದಿತು. 2017ರಲ್ಲಿ ಇಟಲಿಯ ಸೊಲ್ಫತಾರಾ ಜ್ವಾಲಾಮುಖಿಯಲ್ಲಿ ಕುಳಿಯ ನೆಲ ಕುಸಿದು ಗುಂಡಿಗೆ ಬಿದ್ದ ಹನ್ನೊಂದು ವರ್ಷದ ಹುಡುಗನನ್ನು ಎತ್ತಲು ಹೋದ ಅಪ್ಪ, ಅಮ್ಮ ಇಬ್ಬರೂ ಅವನೊಂದಿಗೇ ಹೋದರು. ಈ ಕೊನೆಯದನ್ನು ಓದುವಾಗ ನಮ್ಮ ಬಾವಿ ದುರಂತಗಳೇ ಕಣ್ಣಮುಂದೆ ಬರುತ್ತವೆ. ಒಬ್ಬ ಬೀಳುತ್ತಾನೆ, ಅಣ್ಣ ಇಳಿಯುತ್ತಾನೆ, ಪಕ್ಕದ ಮನೆಯವನು ಇಳಿಯುತ್ತಾನೆ.

ಕೊಡಗಿನಲ್ಲಿ ಜ್ವಾಲಾಮುಖಿ ಇಲ್ಲವಲ್ಲ, ಬಾವಿಯೊಳಗೆ ಅನಿಲ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಬರುವುದು ಮಣ್ಣಿನಿಂದಲೇ. ಮರದ ಬೇರು, ಕೊಳೆತ ಸೊಪ್ಪು, ಹೂಳಿನಲ್ಲಿರುವ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಮಳೆಗಾಲದಲ್ಲಿ ಕಟ್ಟೆಯ ಹತ್ತಿರದವರೆಗೂ ನೀರಿರುವುದರಿಂದ ಅನಿಲ ನಿಲ್ಲಲು ಜಾಗವಿಲ್ಲ. ಮಾರ್ಚ್ ಕಳೆದು ನೀರು ಇಳಿದಾಗ ಮೂವತ್ತು ಅಡಿ ಆಳದ ಖಾಲಿ ಕೊಳವೆ ಸಿಗುತ್ತದೆ. ಅದರ ಮೇಲೆ ಬೇಸಿಗೆಯ ಇನ್ನೊಂದು ಆಟ: ಚಳಿಗಾಲದ ರಾತ್ರಿ ಹೊರಗಿನ ತಣ್ಣನೆಯ ಗಾಳಿ ಭಾರವಾಗಿ ಬಾವಿಗೆ ಇಳಿದು ಒಳಗಿನದನ್ನು ಮೇಲೆ ತಳ್ಳುತ್ತದೆ. ಬೇಸಿಗೆಯ ಹಗಲಲ್ಲಿ ಹೊರಗೆ ಬಿಸಿ, ಒಳಗೆ ತಂಪು, ಒಳಗಿನ ಭಾರದ ಗಾಳಿ ಅಲುಗಾಡುವುದೇ ಇಲ್ಲ. ತಗಡಿನ ಶೀಟ್ ಹೊದಿಸಿದ ಮನೆಯಲ್ಲಿ ಮಧ್ಯಾಹ್ನ ಬೆಂದವರಿಗೆ ಬಾವಿಯ ಕಟ್ಟೆಗೆ ಬಗ್ಗಿದಾಗ ಮುಖಕ್ಕೆ ತಾಗುವ ತಂಪು ಹಿತವೆನಿಸುತ್ತದೆ. ಆ ತಂಪೇ ಒಳಗಿನ ಗಾಳಿ ನಿಂತುಬಿಟ್ಟಿದೆ ಎಂಬುದರ ಗುರುತು. ಗುಡುಗು ಮಳೆ ಬರುವ ಮೊದಲು ವಾಯುಭಾರ ಇಳಿಯುವಾಗ ಮಣ್ಣಿನ ಸಂದುಗಳಲ್ಲಿದ್ದ ಅನಿಲ ಬಾವಿಗೆ ಸೋರಿ ಬರುತ್ತದೆ. ಮೋಡ ಕಟ್ಟಿದೆ, ಮಳೆಗೆ ಮೊದಲು ಹೂಳು ಮುಗಿಸಿಬಿಡೋಣ ಎಂಬ ಆತುರ ಅದಕ್ಕೇ ಕೆಟ್ಟದ್ದು. ಬೆಳಿಗ್ಗೆ ಸರಿ ಇದ್ದ ಬಾವಿ ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಸರಿ ಇರುವುದಿಲ್ಲ.

ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಅರ್ಧ ಸತ್ಯ. ಗಾಳಿಯಲ್ಲಿ ಆಮ್ಲಜನಕ ಸಹಜವಾಗಿ ಶೇ 20.9. ಅದು 16–17ಕ್ಕೆ ಇಳಿದರೆ ಮೇಣದ ಬತ್ತಿ ಆರುತ್ತದೆ. ಆರಿತೆಂದರೆ ಇಳಿಯಬಾರದು, ಅದರಲ್ಲಿ ಅನುಮಾನವಿಲ್ಲ. ಆರಲಿಲ್ಲವೆಂದು ಇಳಿಯಬಹುದು ಎಂದಲ್ಲ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಕೊಲ್ಲುವ ಪ್ರಮಾಣದಲ್ಲಿ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಕಾಫಿ ಹಣ್ಣು ಸುಲಿಯುವ ಪಲ್ಪರ್‌ನ ನೀರಿನ ಗುಂಡಿ, ಗೋಬರ್ ಗ್ಯಾಸ್ ಗುಂಡಿ, ಹಂದಿ ಗೂಡಿನ ಗುಂಡಿಯ ಹತ್ತಿರದ ಬಾವಿಗಂತೂ ಬೆಂಕಿ ಇಳಿಸಲೇಬಾರದು, ಮಿಥೇನ್ ಹೊತ್ತಿಕೊಳ್ಳುತ್ತದೆ. ಆ ಗುಂಡಿಗಳಿಗೆ ಮನುಷ್ಯ ಇಳಿಯುವ ಮಾತೇ ಬೇಡ, ಪಂಪಿನಿಂದ ಹೊರಗೆ ತೆಗೆಸಿ. ನಂಬಬಹುದಾದದ್ದು ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಹೊತ್ತಿಕೊಳ್ಳುವ ಅನಿಲ ಇವನ್ನು ಅಳೆಯುವ ನಾಲ್ಕು ಅನಿಲದ ಮೀಟರ್. ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ನೀರಿನ ಹತ್ತಿರ ಹೀಗೆ ಮೂರು ಕಡೆ ಎರಡೆರಡು ನಿಮಿಷ ನಿಲ್ಲಿಸಿ ಓದಬೇಕು. ಆಮ್ಲಜನಕ 19.5ಕ್ಕಿಂತ ಕೆಳಗಿದ್ದರೆ ಯಾರೂ ಇಳಿಯುವಂತಿಲ್ಲ. ಇಂಥ ಮೀಟರ್ ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದಿಲ್ಲ. ಆದ್ದರಿಂದ 20.9 ಇರಬೇಕಾದಲ್ಲಿ 20 ತೋರಿಸಿದರೂ ಅಲಾರಂ ಹೊಡೆಯಲಿಲ್ಲವೆಂದು ಸುಮ್ಮನಾಗದೆ, ಇನ್ನಷ್ಟು ಗಾಳಿ ಊದಿ ಮತ್ತೆ ಅಳೆಯಿರಿ.

ಗಾಳಿ ಊದುವುದಕ್ಕೂ ಒಂದು ಕ್ರಮವಿದೆ. ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸುವುದು, ಕೊಡಗಟ್ಟಲೆ ನೀರು ಸುರಿಯುವುದು ಸ್ವಲ್ಪ ಹೊತ್ತು ಒಳಗಿನದನ್ನು ಕಲಕುತ್ತವೆ, ಅಷ್ಟೇ. ಆರು ಅಡಿ ಅಗಲದ ಬಾವಿಯಲ್ಲಿ ನೀರಿನ ಮೇಲೆ 35 ಅಡಿ ಖಾಲಿ ಇದ್ದರೆ ಒಳಗಿರುವುದು ಸುಮಾರು 1,000 ಘನ ಅಡಿ ಗಾಳಿ. ನಿಮಿಷಕ್ಕೆ 500 ಘನ ಅಡಿ ಊದುವ ಬ್ಲೋವರ್‌ಗೆ ಅದನ್ನು ಒಮ್ಮೆ ಬದಲಿಸಲು ಎರಡು ನಿಮಿಷ ಬೇಕು. ಹತ್ತು ಸಲ ಬದಲಾಗಬೇಕು, ಪೈಪಿನ ಬಾಗುಗಳಲ್ಲಿ ಒತ್ತಡ ಸೋರುವುದನ್ನೂ ಸೇರಿಸಿ ಅರ್ಧ ಗಂಟೆ ಓಡಿಸಿ. ಪೈಪಿನ ತುದಿ ನೀರಿನಿಂದ ಮೂರು ಅಡಿ ಮೇಲೆ ಇರಬೇಕು. ಕಟ್ಟೆಯ ಮೇಲೆ ಫ್ಯಾನ್ ಇಟ್ಟು ಊದಿದರೆ ಮೇಲಿನ ಐದಾರು ಅಡಿ ಮಾತ್ರ ತಿಳಿಯಾಗುತ್ತದೆ. ಒಳಗೆ ಮನುಷ್ಯ ಇರುವಷ್ಟು ಹೊತ್ತೂ ಬ್ಲೋವರ್ ನಿಲ್ಲಬಾರದು, ಕರೆಂಟ್ ಹೋದರೆ ಆ ಕ್ಷಣವೇ ಅವನನ್ನು ಮೇಲೆತ್ತಬೇಕು. ಬ್ಲೋವರ್ ಗಾಳಿ ಎಳೆಯುವ ಬಾಯಿ ಜನರೇಟರ್ ಅಥವಾ ಜೀಪಿನ ಹೊಗೆಯ ಕಡೆಗಿರಬಾರದು. ನೀರು ಬತ್ತಿಸಲು ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವವರು ತಮ್ಮ ಕೈಯಾರೆ ಬಾವಿಗೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತಿದ್ದಾರೆ.

ಹಗ್ಗವನ್ನು ಸೊಂಟಕ್ಕೆ ಕಟ್ಟಬೇಡಿ. ಪ್ರಜ್ಞೆ ತಪ್ಪಿದವನು ಮಡಚಿಕೊಂಡು ತಲೆಕೆಳಗಾಗುತ್ತಾನೆ, ಇಲ್ಲವೇ ಜಾರಿ ಬೀಳುತ್ತಾನೆ. ತೊಡೆ, ಭುಜ ಎರಡನ್ನೂ ಹಿಡಿಯುವ ಪೂರ್ತಿ ಬೆಲ್ಟ್ ಹಾಕಿಸಿ, ಬೆನ್ನಿನ ಮೇಲಿನ ಉಂಗುರಕ್ಕೆ ಹಗ್ಗ ಸಿಕ್ಕಿಸಿ. ಎಪ್ಪತ್ತು ಕಿಲೋದ ಮೈ ಸಡಿಲಬಿಟ್ಟಾಗ ಬರಿಗೈಯಲ್ಲಿ ಎಳೆಯುವುದು ಇಬ್ಬರಿಗೂ ಕಷ್ಟ, ರಾಟೆ ಬೇಕೇ ಬೇಕು. ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕೂಗಿ. ಉತ್ತರ ತೊದಲಿದರೆ, ತಡವಾದರೆ, "ಏನಿಲ್ಲ, ಇನ್ನೊಂದು ಬುಟ್ಟಿ" ಎಂದರೂ ಮೇಲೆತ್ತಿ. ಆಮ್ಲಜನಕ ಕಡಿಮೆಯಾದಾಗ ಮೊದಲು ಹಾಳಾಗುವುದು ತನಗೆ ಏನಾಗುತ್ತಿದೆ ಎಂಬ ತಿಳಿವಳಿಕೆ. ಪ್ರಮಾಣ ಶೇ 6ರ ಕೆಳಗಿದ್ದರೆ ಒಂದೆರಡು ಉಸಿರಿಗೇ ಎಚ್ಚರ ತಪ್ಪುತ್ತದೆ.

ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯಬೇಡಿ. ಈ ಮಾತು ಹೇಳುವುದು ಸುಲಭ, ತಮ್ಮನೋ ಮಗನೋ ಕೆಳಗೆ ಬಿದ್ದಿರುವಾಗ ಕೇಳುವುದು ಸುಲಭವಲ್ಲ. ಅದಕ್ಕೇ ಇಳಿಯುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು: ಎಳೆಯುವವರು ಯಾರು, ಫೋನ್ ಮಾಡುವವರು ಯಾರು, ಕಟ್ಟೆಯ ಹತ್ತಿರ ಬರುವವರನ್ನು ತಡೆಯುವವರು ಯಾರು. ಅಗ್ನಿಶಾಮಕ ದಳ 101, ತುರ್ತು ಕರೆ 112. ಅವರು ಬರುವವರೆಗೆ ಬ್ಲೋವರಿನ ಪೈಪನ್ನು ಬಿದ್ದವನ ಮುಖದ ಹತ್ತಿರಕ್ಕೆ ಇಳಿಸಿ ಊದುತ್ತಲೇ ಇರಿ. ನಿಮ್ಮ ಕೈಯಲ್ಲಿ ಆಗುವ ಅತ್ಯುತ್ತಮ ಸಹಾಯ ಅದೇ.

ಜ್ವಾಲಾಮುಖಿಗೆ ಹೋಗುವವರಿಗೆ ಇನ್ನೊಂದು ಮಾತು. ಇಂಡೋನೇಷ್ಯಾದಲ್ಲಿ ಪ್ರತಿ ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆ ಇರುತ್ತದೆ, ಒಂದು ಎಂದರೆ ಸಹಜ, ನಾಲ್ಕು ಎಂದರೆ ಜಾಗ ಖಾಲಿ ಮಾಡಿ. ಎರಡನೇ ಹಂತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮಾತ್ರಾದ ಮರಾಪಿ ಎರಡನೇ ಹಂತದಲ್ಲೇ ಇತ್ತು, 2023ರ ಡಿಸೆಂಬರ್ 3ರಂದು ಸಿಡಿದಾಗ ಮೇಲಿದ್ದ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಗೈಡ್ ಏನೇ ಹೇಳಲಿ, ಹೊರಡುವ ದಿನ ಬೆಳಿಗ್ಗೆ ಹಂತ ಎಷ್ಟು, ಎಷ್ಟು ಕಿಲೋಮೀಟರ್ ದೂರ ಇರಬೇಕು ಎಂದು ನೀವೇ ನೋಡಿಕೊಳ್ಳಿ.

ಅಲ್ಲೇ ಆಗಲಿ ಇಲ್ಲೇ ಆಗಲಿ, ಅನಿಲ ಕುಡಿದವರು ಎದ್ದು ಕೂತು ಕಾಫಿ ಕುಡಿದರೆಂದು ಮನೆಗೆ ಕಳಿಸಿಬಿಡಬೇಡಿ. ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ತಾಗಿದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆಗಳ ನಂತರ ಶುರುವಾಗಬಹುದು. ಆಸ್ಪತ್ರೆಯಲ್ಲಿ ತೋರಿಸಿ, ಕನಿಷ್ಠ 24 ಗಂಟೆ ಒಬ್ಬರನ್ನೇ ಮಲಗಲು ಬಿಡಬೇಡಿ. ರಾತ್ರಿ ಎಬ್ಬಿಸಿ ಉಸಿರು ನೋಡಿ. ಕೆಮ್ಮಿನಲ್ಲಿ ನೊರೆ ಬಂದರೆ, ತುಟಿ ನೀಲಿಯಾದರೆ, ಮಲಗಿದರೆ ಉಸಿರುಕಟ್ಟಿ ಕೂತರೆ ಸಲೀಸು ಅನಿಸಿದರೆ ಬೆಳಗಾಗಲಿ ಎಂದು ಕಾಯದೆ ಮತ್ತೆ ಆಸ್ಪತ್ರೆಗೆ ಹೊರಡಿ.