ಕಛೇರಿ, ಕರಗ, ನಾಟಕ, ಮಾವು: ಮೂರು ತಲೆಮಾರು ಕಟ್ಟಿಕೊಂಡು ಸುತ್ತಿದ ಬೆಂಗಳೂರಿನ ಬೇಸಿಗೆ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗುವುದು ತಪ್ಪಿತು. ಮಗನನ್ನು ಒಂದು ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆವು. ಮೂರನೇ ದಿನವೇ ಮನೆಗೆ ಬಂದು, "ಅಲ್ಲೂ ಸ್ಕೂಲ್ ಥರಾನೇ ಸಾಲಾಗಿ ಕೂರಿಸ್ತಾರೆ, ನಾ ಹೋಗಲ್ಲ" ಅಂದ. ಕಟ್ಟಿದ ದುಡ್ಡು ಕೈಬಿಟ್ಟಿತು. ಹಾಗಾದರೆ ಬೆಂಗಳೂರಲ್ಲೇ ನಡೆಯುವುದಕ್ಕೆಲ್ಲ ಎಲ್ಲರೂ ಒಟ್ಟಿಗೇ ಹೋಗಿ ನೋಡೋಣ ಎಂದು ಹಟ ಹಿಡಿದವಳು ನಾನೇ. ಎಲ್ಲರೂ ಎಂದರೆ 73 ವರ್ಷದ ಅಮ್ಮ, 14ರ ಮಗಳು, 7ರ ಮಗ, ನಾನು, ನನ್ನವರು. ಅಮ್ಮನಿಗೆ ಮಂಡಿನೋವು. ಮಗಳಿಗೆ ಎಲ್ಲವೂ ಬೋರು. ಮಗನಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಹಸಿವು. ನನ್ನವರಿಗೆ ಗಾಡಿ ಎಲ್ಲಿ ನಿಲ್ಲಿಸುವುದು ಎಂಬ ಒಂದೇ ಚಿಂತೆ. ವಿಜಯನಗರದಲ್ಲಿ ಮನೆಯಾದ್ದರಿಂದ ಆ ಚಿಂತೆಯನ್ನು ಮೆಟ್ರೊ ಅರ್ಧ ಕಳೆಯಿತು.

ಮೊದಲು ಹೋದದ್ದು ಚಾಮರಾಜಪೇಟೆಯ ರಾಮನವಮಿ ಸಂಗೀತಕ್ಕೆ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಉತ್ಸವ ಈಗಲೂ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಸುಮಾರು ಒಂದು ತಿಂಗಳು ನಡೆಯುತ್ತದೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ನಡೆಯುವಷ್ಟೇ ದೂರ. ಅಮ್ಮನಿಗೆ ಇದು ಸಂಗೀತಕ್ಕಿಂತ ಹೆಚ್ಚಾಗಿ ತವರು. ಅವಳು ಚಿಕ್ಕವಳಿದ್ದಾಗ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ದಿನ ಒಳಗೆ ಜಾಗ ಸಿಗದೆ, ಅಪ್ಪನ ಜೊತೆ ಹೊರಗೆ ರಸ್ತೆಯ ಮೇಲೆ ಚಾಪೆ ಹಾಸಿಕೊಂಡು ಕೇಳಿದಳಂತೆ. ಆ ಚಾಪೆಯ ಕಥೆಯನ್ನು ನಾವು ಪ್ರತಿ ಯುಗಾದಿಗೂ ಕೇಳುತ್ತೇವೆ.

ನಾವು ಹಿಂದಿನ ಸಾಲಿನ ಟಿಕೆಟ್ ತೆಗೆದುಕೊಂಡು ಕೂತೆವು. ಅರ್ಧ ಗಂಟೆ ಎಲ್ಲರೂ ಸದ್ದಿಲ್ಲದೆ ಕೂತಿದ್ದರು. ಆಮೇಲೆ ಮಗನ ಕಾಲು ಕುಣಿಯತೊಡಗಿತು. ನಾನು ಗಾಬರಿಯಾಗಿ ಸುತ್ತ ನೋಡಿದೆ. ಯಾರಿಗೂ ಏನೂ ಅನ್ನಿಸಿರಲಿಲ್ಲ. ಒಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಇನ್ನೊಬ್ಬರು ನಿದ್ದೆಯಲ್ಲೇ ತಲೆದೂಗುತ್ತಿದ್ದರು, ನಾಲ್ಕು ಸಾಲು ಮುಂದೆ ಯಾರೋ ಎದ್ದು ಕಾಫಿಗೆ ಹೊರಟರು. ಹಾಡು ನಿಂತು ತಾಳವಾದ್ಯದವರು ತಾವೇ ನುಡಿಸುವ ತನಿ ಆವರ್ತನ ಶುರುವಾದರೆ ಅರ್ಧ ಸಭೆ ಕಾಫಿಗೆ ಏಳುವುದು ಈ ಊರಿನ ಹಳೆಯ ಅಭ್ಯಾಸ. ವಿದ್ವಾಂಸರಿಗೆ ಬೇಸರ, ತಾಯಂದಿರಿಗೆ ವರ. ನನ್ನ ಮಗನದು ಉಲ್ಟಾ. ಅವನಿಗೆ ಬೇಕಾಗಿದ್ದು ತನಿಯೇ. ಘಟದ ಮೇಲೆ ಬೆರಳು ಓಡುವುದನ್ನು ನೋಡಲು ಅಂಚಿನ ದಾರಿಯಲ್ಲಿ ಮುಂದೆ ಹೋಗಿ ನಿಂತ. ಮುಗಿದ ಮೇಲೆ ಬೋಂಡ ಬೇಕೆಂದ. ಅವನ ಮಟ್ಟಿಗೆ ಕಛೇರಿ ಅಲ್ಲಿಗೆ ಮುಗಿದಿತ್ತು, ಅವರಪ್ಪ ಹೊರಗೆ ಸುತ್ತಾಡಿಸಿದರು. ಅಮ್ಮ ಕೊನೆಯ ಮಂಗಳದ ಹಾಡಿನವರೆಗೂ ಅಲುಗಲಿಲ್ಲ.

ಇನ್ನೊಂದು ದಿನ ಹೋದಾಗ ಅಶ್ವಿನಿ ಮಳೆ ಹೊಡೆಯಿತು. ಪೆಂಡಾಲಿನ ಮೇಲೆ ನೀರಿನ ಸದ್ದು ಎಷ್ಟೆಂದರೆ ವಯಲಿನ್ ಬಿಲ್ಲು ಆಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಹೋಗುವವರು ಕೊಡೆ ಮರೆಯಬೇಡಿ. ಬೆನ್ನು ಒರಗುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕೂರಬೇಕು. ಅಮ್ಮನಂಥವರಿಗೆ ಒಂದು ಚಿಕ್ಕ ದಿಂಬು ಕೊಂಡೊಯ್ಯುವುದು ಒಳ್ಳೆಯದು.

ಈ ಕಾಫಿಗೆ ಏಳುವ ಸ್ವಾತಂತ್ರ್ಯವನ್ನೇ ನಾನು ಮುಂದೆ ಪ್ರತಿ ಕಡೆಯಲ್ಲೂ ಹುಡುಕಿದೆ. ನಡುವೆ ಎದ್ದು ಹೋಗಬಹುದೇ? ಹೋದವರು ಮತ್ತೆ ಬಂದು ಕೂರಬಹುದೇ? ಮಕ್ಕಳು, ಮುದುಕರು ಎರಡೂ ಇರುವ ಮನೆಗೆ ಕಾರ್ಯಕ್ರಮ ಎಷ್ಟು ಚೆನ್ನಾಗಿದೆ ಅನ್ನುವುದು ಎರಡನೇ ಪ್ರಶ್ನೆ.

ಆ ಲೆಕ್ಕದಲ್ಲಿ ರಂಗಶಂಕರ ಸೋಲಬೇಕಿತ್ತು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ, 2004ರಲ್ಲಿ ತೆರೆದ ಜೆ.ಪಿ. ನಗರದ ಈ ರಂಗಮಂದಿರಕ್ಕೆ ಹೋಗಿಬಂದವರೆಲ್ಲ ಮೊದಲು ಹೇಳುವುದು ನಾಟಕದ ಬಗ್ಗೆ ಅಲ್ಲ, ಬಾಗಿಲಿನ ಬಗ್ಗೆ. ಹೇಳಿದ ಹೊತ್ತಿಗೆ ಬಾಗಿಲು ಮುಚ್ಚುತ್ತದೆ, ತಡವಾಗಿ ಬಂದವರಿಗೆ ಒಳಗೆ ಜಾಗವಿಲ್ಲ. ಮೊಬೈಲ್ ಮಾತಾಡಬಾರದು, ತಿಂಡಿ ಒಳಗೆ ತರಬಾರದು. ಆ ಹೆದರಿಕೆಗೆ ಏಳೂವರೆಯ ಆಟಕ್ಕೆ ನಾವು ಆರೂಕಾಲಕ್ಕೇ ಹೋಗಿ ಕೆಳಗಿನ ಕೆಫೆಯಲ್ಲಿ ಕೂತಿದ್ದೆವು. ಅಮ್ಮ ಮೂರು ಸಲ ಗಡಿಯಾರ ನೋಡಿದಳು. "ಮದುವೆ ಮುಹೂರ್ತಕ್ಕೂ ಇಷ್ಟು ಕಟ್ಟುನಿಟ್ಟಿಲ್ಲವಲ್ಲೇ" ಎಂದಳು.

ನಾಟಕ ದೊಡ್ಡವರದು, ಕನ್ನಡದ್ದು. ಟಿಕೆಟ್ ತಲೆಗೆ 250 ರೂಪಾಯಿ, ಐದು ಜನಕ್ಕೆ ಹಗುರವಲ್ಲ. ಮಗ ಇಪ್ಪತ್ತೈದನೇ ನಿಮಿಷಕ್ಕೆ ನನ್ನ ಕಿವಿಯಲ್ಲಿ, "ಅವನು ಯಾಕೆ ಅಳ್ತಿದಾನೆ?" ಎಂದ. ರಂಗ ಪ್ರೇಕ್ಷಕರ ನಡುವೆಯೇ ಚಾಚಿಕೊಂಡಿರುವ ಜಾಗ ಅದು. ಪಿಸುಮಾತು ನಟನಿಗೇ ಕೇಳಿಸೀತು. ಮುಂದಿನ ಸಾಲಿನ ಎರಡು ತಲೆ ಹಿಂತಿರುಗಿದವು. ತಪ್ಪು ಅವರದಲ್ಲ, ಏಳು ವರ್ಷದವನನ್ನು ಅಂಥ ನಾಟಕಕ್ಕೆ ಕರೆತಂದ ನನ್ನದು. ಅವನನ್ನು ಎತ್ತಿಕೊಂಡು ಹೊರಗೆ ಬಂದು ಉಳಿದ ಹೊತ್ತು ಮೆಟ್ಟಿಲ ಮೇಲೆ ಚುಕ್ಕಿ ಆಟ ಆಡಿದೆವು. ಎದ್ದು ಹೋಗುವ ನನ್ನ ಲೆಕ್ಕದಲ್ಲಿ ರಂಗಶಂಕರಕ್ಕೆ ಸೊನ್ನೆ ಬಿತ್ತು.

ಆದರೆ ನಾಟಕ ಮುಗಿದು ಹೊರಬಂದ ಅಜ್ಜಿ ಮೊಮ್ಮಗಳ ಮುಖ ಬೇರೆಯೇ ಇತ್ತು. ಮಗಳು ಒಂದೂವರೆ ಗಂಟೆ ಫೋನ್ ಮುಟ್ಟದೆ ಕೂತದ್ದನ್ನು ನಾನು ಯಾವ ಹಬ್ಬದಲ್ಲೂ ಕಂಡಿಲ್ಲ. ಆಟೊದಲ್ಲಿ ಇಬ್ಬರೂ ಜಗಳಕ್ಕೆ ಬಿದ್ದರು: ಕೊನೆಯಲ್ಲಿ ಆ ಹೆಂಗಸು ಮನೆಬಿಟ್ಟು ಹೋಗಿದ್ದು ಸರಿಯೇ, ತಪ್ಪೇ? ಅಮ್ಮ ಸರಿ ಅಂದಳು. ಮಗಳು ತಪ್ಪು ಅಂದಳು! ನಾನು ಅದರ ತದ್ವಿರುದ್ಧ ಊಹಿಸಿದ್ದೆ. ಕಛೇರಿಯಿಂದ ಬರುವಾಗ ಇಂಥದೊಂದು ಮಾತೂ ಆಗಿರಲಿಲ್ಲ. ಎಲ್ಲರೂ ಅವರವರ ಪಾಡಿಗೆ ಖುಷಿಯಾಗಿದ್ದೆವು, ಅಷ್ಟೇ. ಎದ್ದು ಹೋಗಲು ಬಿಡುವ ಜಾಗದಲ್ಲಿ ಮನೆಯವರೆಲ್ಲ ಆರಾಮಾಗಿರುತ್ತಾರೆ, ನಿಜ. ಎದ್ದು ಹೋಗಲಾಗದ ಜಾಗದಲ್ಲಿ ಇಬ್ಬರು ಒಂದೇ ವಿಷಯವನ್ನು ಪೂರ್ತಿ ನೋಡುತ್ತಾರೆ. ಸೊನ್ನೆಯನ್ನು ಅಳಿಸಿದೆ.

ಕರಗದ ಮಾತು ಬೇರೆ. ಅದಕ್ಕೆ ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ, ಆದರೆ ಹೊರಗೆ ಬರುವುದಂತೂ ಸಾಧ್ಯವೇ ಇಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಸುತ್ತಲ ಗಲ್ಲಿಗಳಲ್ಲಿ ಒಮ್ಮೆ ಸಿಕ್ಕಿಕೊಂಡರೆ, ಜನ ತಳ್ಳಿದ ಕಡೆಗೆ ನಮ್ಮ ಕಾಲು. ಅಮ್ಮನನ್ನು ಮನೆಯಲ್ಲೇ ಬಿಟ್ಟು ಬಂದದ್ದು ಪುಣ್ಯ. ಮಗ ಹನ್ನೊಂದಕ್ಕೇ ಅಪ್ಪನ ಹೆಗಲ ಮೇಲೆ ನಿದ್ದೆ ಹೋದ. ಕಾದು ಕಾದು ಕಾಲು ಬಿದ್ದುಹೋಗುವಾಗ, ಮಧ್ಯರಾತ್ರಿ ಕಳೆದು ಎಷ್ಟೋ ಹೊತ್ತಿನ ಮೇಲೆ, "ಗೋವಿಂದಾ ಗೋವಿಂದಾ" ಕೂಗು ಗಲ್ಲಿಯ ಆ ತುದಿಯಿಂದ ಅಲೆಯ ಹಾಗೆ ಬಂತು. ಬರಿಗತ್ತಿ ಹಿಡಿದ ವೀರಕುಮಾರರು, ಅವರ ನಡುವೆ ಹೆಣ್ಣುಡುಗೆಯಲ್ಲಿ ಕರಗ ಹೊತ್ತ ಅರ್ಚಕರು, ತಲೆಯ ಮೇಲೆ ಮಲ್ಲಿಗೆಯ ಗೋಪುರ. ಕೈಯಲ್ಲಿ ಹಿಡಿಯುವ ಹಾಗಿಲ್ಲ. ತಲೆಯ ಮೇಲೇ ನಿಲ್ಲಬೇಕು, ಅದೂ ಕುಣಿಯುತ್ತಾ. ಕಂಡದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಸುತ್ತ ಎರಚಿದ ಮಲ್ಲಿಗೆ ಮಗಳ ಕೂದಲಲ್ಲಿ ಸಿಕ್ಕಿತ್ತು, ಅವಳು ಅದನ್ನು ತೆಗೆಯಲಿಲ್ಲ.

ಆಮೇಲೆ ಮನೆಗೆ ಹೋಗುವುದು ಹೇಗೆ? ಆ ಹೊತ್ತಿಗೆ ಮೆಟ್ರೊ ಇಲ್ಲ, ಆಟೊದವರು ಕೇಳಿದ್ದು ಕೊಡಬೇಕು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಗುಡಿಯ ಬಾಗಿಲಿಗೆ ಮುತ್ತಿಗೆ ಹಾಕಬೇಡಿ. ಕರಗ ರಾತ್ರಿಯೆಲ್ಲ ಪೇಟೆಯ ಬೀದಿ ಸುತ್ತುತ್ತದೆ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಯೇ ಬರುತ್ತದೆ. ಆ ದಾರಿಯಲ್ಲಿ ಪರಿಚಯದವರ ಮನೆಯೋ ಅಂಗಡಿಯೋ ಇದ್ದರೆ ಮೊದಲೇ ಹೇಳಿಟ್ಟು ಅವರ ಜಗಲಿಯಲ್ಲಿ ಕೂತುಬಿಡಿ. ಮಕ್ಕಳಿಗೆ ನಿದ್ದೆ ಮಾಡಲು ಜಾಗ, ಅಮ್ಮಂದಿರಿಗೆ ಕೂರಲು ಕುರ್ಚಿ, ಎರಡೂ ಸಿಗುತ್ತವೆ.

ಕಬ್ಬನ್ ಪಾರ್ಕಿನ ಬಗ್ಗೆ ಹೆಚ್ಚು ಹೇಳಲು ಇಲ್ಲ. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಮೆಟ್ರೊ ಬಾಗಿಲಲ್ಲೇ ಇದೆ, ಖರ್ಚೆಂದರೆ ಕಡಲೆಕಾಯಿ, ಉಪ್ಪುಖಾರದ ಮಾವಿನಕಾಯಿ. ಮಗನಿಗೆ ಇದಕ್ಕಿಂತ ಬೇರೆ ಸ್ವರ್ಗ ಬೇಡ. ಮಗಳು ಒಂದು ಶನಿವಾರ ಬೆಳಿಗ್ಗೆ ಮರದ ಕೆಳಗೆ ಸುಮ್ಮನೆ ಕೂತು ಓದುವ ಕಬ್ಬನ್ ರೀಡ್ಸ್ ಗುಂಪಿಗೆ ಹೋಗಿ ಕೂತಳು. ಯಾರೂ ಮಾತಾಡಿಸಲಿಲ್ಲ ಎಂಬುದೇ ಅವಳ ಸಂತೋಷ. ಆದರೆ ಒಟ್ಟಿಗೆ ಹೋದೆವು ಎನ್ನುವುದು ಹೆಸರಿಗೆ ಮಾತ್ರ, ಒಳಗೆ ಹೋದಮೇಲೆ ಐದು ಜನ ಐದು ದಿಕ್ಕು.

ಲಾಲ್‌ಬಾಗಿನ ಮಾವಿನ ಮೇಳಕ್ಕೆ ಹೋಗುವಾಗ ಇದು ಕಲೆಯೂ ಅಲ್ಲ, ಸಂಸ್ಕೃತಿಯೂ ಅಲ್ಲ, ಬರೀ ಸಂತೆ ಎಂದು ಮೂಗು ಮುರಿದವಳು ನಾನು. ಅಮ್ಮ ಅದನ್ನು ಕಛೇರಿ ಮಾಡಿಬಿಟ್ಟಳು. ರಾಮನಗರದ ಬೆಳೆಗಾರರೊಬ್ಬರ ಮಳಿಗೆ ಮುಂದೆ ನಿಂತು ರಸಪುರಿಯ ತೊಟ್ಟಿನ ಬುಡ ಮೂಸಿ ನೋಡಿ, "ಇದು ನಾಳೆಗೆ, ಇದು ನಾಡಿದ್ದಿಗೆ" ಎಂದು ಬೇರೆಬೇರೆ ಇಡತೊಡಗಿದಳು. ಅವರು ಖುಷಿಯಾಗಿ ಆಲಿಕಲ್ಲು ಬಿದ್ದದ್ದು, ಕಾಯಿ ಉದುರಿದ್ದು, ಭರಣಿ ಮಳೆ ಎಲ್ಲ ಹೇಳಿದರು. ಬಾದಾಮಿ, ಸೇಂದೂರ, ಮಲ್ಲಿಕಾ, ಸಕ್ಕರೆ ಗುತ್ತಿ ಎಂದು ಮಗ ಹೆಸರು ಬಾಯಿಪಾಠ ಮಾಡಿಕೊಂಡ. ಮಧ್ಯಾಹ್ನ ಹೋಗಬೇಡಿ, ಬಿಸಿಲಿಗೆ ಹಣ್ಣಿಗಿಂತ ಮೊದಲು ನೀವು ಮಾಗುತ್ತೀರಿ. ತೂಕ ಕೈಗೆ ಬೀಳುವುದು ವಾಪಸು ನಡೆಯುವಾಗ. ಮೂರು ಕಿಲೋ ಸಾಕೆಂದು ಹೋದವರು ಎಂಟು ಕಿಲೋ ಹೊತ್ತು ತಂದೆವು. ಮರುದಿನ ಸೀಕರಣೆಗೆ ಐದೂ ಜನ ಒಟ್ಟಿಗೆ ಕೂತೆವು. ಇಡೀ ಬೇಸಿಗೆಯಲ್ಲಿ ಯಾರೂ ಎದ್ದು ಹೋಗದ ಕಾರ್ಯಕ್ರಮ ಅದೊಂದೇ.

ಈ ವರ್ಷಕ್ಕೆ ಹಂಚಿಕೆ ಹೀಗೆ: ಎಲ್ಲರೂ ಹೋಗುವುದು ರಾಮನವಮಿ ಪೆಂಡಾಲಿಗೆ, ಮಗನಿಗಾಗಿ ತನಿಯ ಹೊತ್ತಿಗೆ ಮುಂದಿನ ಸಾಲು ಸೇರುವ ಏರ್ಪಾಡು. ಕರಗಕ್ಕೆ ಮಗಳು, ನಾನು. ರಂಗಶಂಕರಕ್ಕೆ ಅಜ್ಜಿ, ಮೊಮ್ಮಗಳು ಇಬ್ಬರೇ. ನಮ್ಮನ್ನು ಕರೆದೇ ಇಲ್ಲ. ನಿನ್ನೆ ಅಮ್ಮ ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, "ಇದನ್ನ ಪೂರ್ತಿ ಆಫ್ ಮಾಡೋದು ಹೇಗೆ ಅಂತ ಸರಿಯಾಗಿ ಹೇಳ್ಕೊಡೇ, ನಾಟಕದ ಮಧ್ಯೆ ನಂದು ಕೂಗಿದ್ರೆ ಆ ಹುಡುಗಿ ನನ್ನ ಮತ್ತೆ ಕರ್ಕೊಂಡು ಹೋಗಲ್ಲ" ಎಂದಳು.