ಸೀಲ್ ಬ್ಯಾಟರಿಯನ್ನು ನಿಜವಾಗಿ ಪರೀಕ್ಷಿಸುವವರು ಕುಶಾಲನಗರದಲ್ಲಿದ್ದಾರೆ

ಜೂನ್ ಎಂದರೆ ನಮ್ಮಂಥ ದರ್ಜಿಗಳಿಗೆ ಶಾಲಾ ಸಮವಸ್ತ್ರದ ತಿಂಗಳು. ಕೊಡಗಿನ ಮಾದಾಪುರದ ಕಡೆ ಮಳೆ ಹಿಡಿಯುವುದೂ ಆಗಲೇ. ತೋಟದ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಮತ್ತೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಅಂಥ ದಿನಗಳಲ್ಲಿ ನನ್ನ ಎರಡು ಮೋಟಾರು ಹೊಲಿಗೆ ಯಂತ್ರಗಳು, ಓವರ್‌ಲಾಕ್ ಮತ್ತು ದೀಪಗಳು ಸೋಲಾರ್ ಬ್ಯಾಟರಿಯ ಮೇಲೆಯೇ ನಡೆಯಬೇಕು. ಕುಶಾಲನಗರದಿಂದ ಮನೆಗೇ ಬಂದು ಬ್ಯಾಟರಿ ಪರೀಕ್ಷಿಸಿಕೊಡುವ ಒಬ್ಬ ಮೆಕ್ಯಾನಿಕ್ ಈ ಸಲ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ, ಮೊದಲೇ ಬಂದು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು.

ನನ್ನಲ್ಲಿರುವುದು 12 ವೋಲ್ಟಿನ, 100 ಆಂಪಿಯರ್ ಅವರ್‌ನ ಎರಡು ಜೆಲ್ ಬ್ಯಾಟರಿಗಳು, ಅಂದರೆ ಆಸಿಡ್ ಗಟ್ಟಿ ಲೋಳೆಯಾಗಿ ಒಳಗೇ ಇರುವ ಸೀಲ್ ಬ್ಯಾಟರಿಗಳು. ಸರಣಿಯಲ್ಲಿ ಜೋಡಿಸಿರುವುದರಿಂದ ಒಟ್ಟು 24 ವೋಲ್ಟ್. ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿಗೆ ಬೆಲೆ ಕಡಿಮೆಯಿತ್ತು. ಆದರೆ ಹತ್ತಿ ಬಟ್ಟೆಗೆ ಆಸಿಡ್‌ನ ಒಂದು ಹನಿ ತಾಗಿದರೂ ಒಗೆದಾಗ ಅಲ್ಲಿ ತೂತು ಬೀಳುತ್ತದೆ. ಬೇರೆಯವರ ಬಟ್ಟೆ ತುಂಬಿರುವ ಕೋಣೆಯಲ್ಲಿ ಆ ಅಪಾಯ ನನಗೆ ಬೇಡವಾಗಿತ್ತು.

ಸೀಲ್ ಬ್ಯಾಟರಿಯ ಕಷ್ಟವೆಂದರೆ ಒಳಗಿನ ಸ್ಥಿತಿ ಹೊರಗೆ ತಿಳಿಯುವುದಿಲ್ಲ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಲು ಮುಚ್ಚಳವೇ ಇರುವುದಿಲ್ಲ. ಹೋದ ವರ್ಷ ಬೇರೊಬ್ಬರು ಮಧ್ಯಾಹ್ನದ ಬಿಸಿಲಿನಲ್ಲಿ, ಪ್ಯಾನೆಲ್‌ನಿಂದ ಚಾರ್ಜ್ ಆಗುತ್ತಿರುವಾಗಲೇ ಮೀಟರ್ ಹಿಡಿದು, 13.4 ವೋಲ್ಟ್ ಇದೆ, ಗಟ್ಟಿಯಾಗಿದೆ ಎಂದು ಹೇಳಿ ದುಡ್ಡು ಪಡೆದು ಹೋಗಿದ್ದರು. ಆ ಹೊತ್ತಿನಲ್ಲಿ ಮೀಟರ್ ತೋರಿಸುವುದು ಚಾರ್ಜರ್ ಕೊಡುತ್ತಿರುವ ವೋಲ್ಟೇಜನ್ನು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನಲ್ಲ.

ಕುಶಾಲನಗರದ ಇವರ ಕೆಲಸ ಹಿಂದಿನ ದಿನವೇ ಫೋನಿನಲ್ಲಿ ಶುರುವಾಯಿತು. "ಅಕ್ಕಾ, ಸಂಜೆಯೊಳಗೆ ಪೂರ್ತಿ ಚಾರ್ಜ್ ಮಾಡಿ. ಆಮೇಲೆ ಪ್ಯಾನೆಲ್, ಇನ್ವರ್ಟರ್ ಎರಡನ್ನೂ ಆರಿಸಿಬಿಡಿ, ರಾತ್ರಿ ಬ್ಯಾಟರಿ ಸುಮ್ಮನಿರಲಿ," ಎಂದರು. ಬೆಳಿಗ್ಗೆ ಬಂದು ಎರಡನ್ನೂ ಬೇರ್ಪಡಿಸಿ ಅಳೆದರು. ಒಂದರಲ್ಲಿ 12.85, ಇನ್ನೊಂದರಲ್ಲಿ 12.5. ತುಂಬಿದ ಜೆಲ್ ಬ್ಯಾಟರಿ ವಿಶ್ರಾಂತಿಯ ನಂತರ 12.8ರ ಆಸುಪಾಸಿನಲ್ಲಿರಬೇಕು. ಆದರೆ ಅವರು ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಪ್ರತಿ ಬ್ಯಾಟರಿಗೂ 55 ವಾಟಿನ ಎರಡೆರಡು ಕಾರ್ ಹೆಡ್‌ಲೈಟ್ ಬಲ್ಬುಗಳನ್ನು ಜೋಡಿಸಿದರು. ಅಂದರೆ ಸುಮಾರು 9 ಆಂಪಿಯರ್ ಭಾರ. ಬ್ಯಾಟರಿಯ ಮೇಲೆ ಬರೆದಿರುವ 100 ಆಂಪಿಯರ್ ಅವರ್ ಎಂಬುದು ಹತ್ತು ಗಂಟೆಯ ಲೆಕ್ಕ, 10 ಆಂಪಿಯರ್‌ನಂತೆ. ಅರ್ಧ ಗಂಟೆಗೊಮ್ಮೆ ವೋಲ್ಟೇಜ್ ಬರೆದುಕೊಳ್ಳುತ್ತಾ, 10.8ಕ್ಕೆ ಇಳಿದ ಕೂಡಲೇ ಬಲ್ಬು ಕಳಚಬೇಕು. ಗಟ್ಟಿ ಬ್ಯಾಟರಿ ಒಂಬತ್ತು ಗಂಟೆ ದಾಟಿಸಿತು. ಇನ್ನೊಂದು ಐದು ಗಂಟೆಗೇ ಕೈಕೊಟ್ಟಿತು.

ಸಾಮರ್ಥ್ಯ ಬರೆದಿರುವುದರ ಶೇಕಡಾ 80ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಆಯಸ್ಸು ಮುಗಿಯಿತೆಂದೇ ಲೆಕ್ಕ. ಇಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಬೇರೆ ಯಾರಾದರೂ ಹೊಸದನ್ನು ಮಾರಿ ಹೋಗುತ್ತಿದ್ದರೇನೋ. ಇವರು ಕಾರಣ ಹುಡುಕಲು ಕುಳಿತರು, ನನ್ನ ಪಾಲಿಗೆ ಅದೇ ದೊಡ್ಡ ಉಪಕಾರ. ಹಿಂದೆ ಬಂದಿದ್ದ ಎಲೆಕ್ಟ್ರಿಷಿಯನ್ ಜಗುಲಿಯ ದೀಪಕ್ಕೂ ಇಂಟರ್‌ನೆಟ್ ರೌಟರ್‌ಗೂ 12 ವೋಲ್ಟ್ ಬೇಕೆಂದು ಇದೊಂದೇ ಬ್ಯಾಟರಿಯಿಂದ ತಂತಿ ಎಳೆದಿದ್ದರು. ಅದು ಹಗಲೂ ರಾತ್ರಿ ಖಾಲಿಯಾಗುತ್ತಲೇ ಇತ್ತು. ಚಾರ್ಜರ್ ನೋಡುವುದು ಎರಡರ ಒಟ್ಟು ವೋಲ್ಟೇಜನ್ನು ಮಾತ್ರ. ಹೀಗಾಗಿ ಒಂದು ಸದಾ ಅರೆಹೊಟ್ಟೆಯಲ್ಲಿದ್ದು ಅದರ ತಟ್ಟೆಗಳಲ್ಲಿ ಸಲ್ಫೇಟ್ ಗಟ್ಟಿಯಾಯಿತು. ಇನ್ನೊಂದಕ್ಕೆ ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಬೀಳುತ್ತಿತ್ತು. ಇನ್ನೂ ಒಂದಷ್ಟು ಕಾಲ ಹೀಗೇ ಬಿಟ್ಟಿದ್ದರೆ ಗಟ್ಟಿಯಾಗಿದ್ದದ್ದೂ ಒಣಗಿ ಹೋಗುತ್ತಿತ್ತು.

ಸೋಲಾರ್ ಚಾರ್ಜ್ ಕಂಟ್ರೋಲರಿನ ಉಷ್ಣತೆ ಅಳೆಯುವ ಸೆನ್ಸರ್ ಚಾವಣಿಯ ತಗಡಿನ ಕೆಳಗೆ ನೇತಾಡುತ್ತಿತ್ತು. ಬಿಸಿಲೇರಿದಾಗ ಅಲ್ಲಿ 40 ಡಿಗ್ರಿ, ಬ್ಯಾಟರಿ ಇರುವ ಮೂಲೆಯಲ್ಲಿ 20. ಬ್ಯಾಟರಿ ಬಿಸಿಯಾಗಿದೆ ಎಂದುಕೊಂಡು ಕಂಟ್ರೋಲರ್ ಡಿಗ್ರಿಗೆ ಸುಮಾರು 18 ಮಿಲಿವೋಲ್ಟ್‌ನಂತೆ, ಒಂದೊಂದು ಬ್ಯಾಟರಿಗೂ ಚಾರ್ಜಿಂಗ್ ವೋಲ್ಟೇಜಿನಲ್ಲಿ ಮೂರನೇ ಒಂದು ವೋಲ್ಟಿಗಿಂತ ಹೆಚ್ಚು ಕಡಿತ ಮಾಡುತ್ತಿತ್ತು. ಕೊಡಗಿನ ತಂಪಿನಲ್ಲಿ ಬ್ಯಾಟರಿಗೆ ಬೇಕಿದ್ದದ್ದು ಇದಕ್ಕೆ ತದ್ವಿರುದ್ಧ, ಸ್ವಲ್ಪ ಹೆಚ್ಚಿನ ವೋಲ್ಟೇಜ್. ಸೆನ್ಸರನ್ನು ಬ್ಯಾಟರಿಯ ಪಕ್ಕಕ್ಕೇ ಅಂಟಿಸಿ ಕೊಟ್ಟರು.

ಇನ್ವರ್ಟರಿನ ಹಿಂದಿನ ಸ್ವಿಚ್ ಸೀಲ್ ಬ್ಯಾಟರಿಗಾಗಿ ಇರುವ 'ಎಸ್‌ಎಂಎಫ್'ನಲ್ಲೇ ಇದೆಯೇ ಎಂದೂ ನೋಡಿದರು. 'ಟ್ಯೂಬ್ಯುಲರ್' ಕಡೆ ಇದ್ದರೆ ವೋಲ್ಟೇಜ್ ಹೆಚ್ಚಾಗಿ ವಾಲ್ವಿನಿಂದ ಗ್ಯಾಸ್ ಹೊರಹೋಗುತ್ತದೆ, ಹೋದ ನೀರನ್ನು ಮತ್ತೆ ತುಂಬುವ ದಾರಿಯಿಲ್ಲ. ತೇವಕ್ಕೆ ಹಸಿರುಗಟ್ಟಿದ್ದ, ತಂತಿಯ ತುದಿಯ ತಾಮ್ರದ ಲಗ್ಗುಗಳನ್ನು ಮರಳು ಕಾಗದದಿಂದ ಉಜ್ಜಿ, ಬಿಗಿದು, ಬಿಗಿದ ಮೇಲೆ ವ್ಯಾಸಲೀನ್ ಸವರಿದರು. ಅವರ ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿತ್ತು. ಶಾರ್ಟ್ ಆಗದಂತೆ ಅಷ್ಟು ಎಚ್ಚರ ವಹಿಸುವವರನ್ನು ನಾನು ನಂಬುತ್ತೇನೆ.

ಖಾಲಿಯಾದ ಬ್ಯಾಟರಿಗಳನ್ನು ಹಾಗೆಯೇ ಬಿಡದೆ, ಅದೇ ಸಂಜೆ ಒಂದೊಂದಕ್ಕೂ ಪ್ರತ್ಯೇಕ ಚಾರ್ಜರ್ ಹಾಕಿದರು. ಸೋತಿದ್ದಕ್ಕೆ ಕೆಲವು ದಿನ ನಿಧಾನವಾಗಿ ಚಾರ್ಜ್ ಕೊಟ್ಟು ಮತ್ತೆ ಪರೀಕ್ಷಿಸಿದಾಗ ಒಂದು ಗಂಟೆ ಹೆಚ್ಚು ನಡೆಯಿತು, ಅಷ್ಟೇ. ಹಳೆಯದರ ಜೊತೆ ಹೊಸದನ್ನು ಜೋಡಿಸಬಾರದು, ಹೊಸದೂ ಬೇಗ ಹಾಳಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದರಿಂದ ಎರಡು ಹೊಸ ಜೆಲ್ ಬ್ಯಾಟರಿ ತಂದೆ. ಗಟ್ಟಿಯಾಗಿ ಉಳಿದ ಹಳೆಯದು ಈಗ ಸಣ್ಣ ಪ್ಯಾನೆಲ್ ಜೊತೆ ಜಗುಲಿಯ ದೀಪ, ರೌಟರ್ ನೋಡಿಕೊಳ್ಳುತ್ತಿದೆ. ಸತ್ತದ್ದನ್ನು ಅಂಗಡಿಯವರು ವಾಪಸು ಪಡೆದು ಬಿಲ್ಲಿನಲ್ಲಿ ಕಳೆದರು.

ಕೊರತೆಗಳೂ ಇವೆ. ಇಡೀ ದಿನ ಯಂತ್ರ ನಿಲ್ಲಿಸಬೇಕು, ಕೆಲಸ ತುಂಬಿರುವವರಿಗೆ ಅದು ನಷ್ಟ. ವೋಲ್ಟೇಜ್ ಬರೆದ ಹಾಳೆಯನ್ನು ನಾನು ಕೇಳಿದ ಮೇಲೆ ಕೊಟ್ಟರು, ಅದರಲ್ಲಿ ದಿನಾಂಕವಿರಲಿಲ್ಲ. ಮುಂದಿನ ವರ್ಷ ಹೋಲಿಸಿ ನೋಡಲು ಆ ಹಾಳೆಯೇ ಆಧಾರವಾದ್ದರಿಂದ ಎಲ್ಲ ಗಿರಾಕಿಗಳಿಗೂ ಅವರಾಗಿಯೇ ಬರೆದು ಕೊಡಬೇಕು. ಕೂಲಿ ಎಂಟುನೂರು ರೂಪಾಯಿ, ಬಸ್ ಚಾರ್ಜು ಬೇರೆ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಈ ಪರೀಕ್ಷೆಗೆ ಅವರು ಒಪ್ಪುವುದಿಲ್ಲ, ಏಕೆಂದರೆ ಖಾಲಿ ಮಾಡಿದ ಬ್ಯಾಟರಿಯನ್ನು ತುಂಬಲು ಆಗ ಬಿಸಿಲೂ ಇಲ್ಲ, ಕರೆಂಟೂ ಇಲ್ಲ. ಬೇಕಾದವರು ಏಪ್ರಿಲ್ ಮುಗಿಯುವ ಮೊದಲೇ ಹೇಳಿಡಿ.